ಬಾಣಂತಿಯ ಮನಸ್ಸೂ ಕುಟುಂಬವೈದ್ಯನೂ

ಗರ್ಭವನ್ನು ಧರಿಸಿ ನಿಲ್ಲಿಸುವ ಸಾಧನಗಳಲ್ಲಿ ಸೌಮನಸ್ಯವೇ ಅಗ್ರಗಣ್ಯವೆಂದು ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಹೇಳಿದೆ. ಬಸುರಿಯನ್ನು ಎರಡು ಹೃದಯಗಳುಳ್ಳವಳೆಂದು ಭಾವಿಸಿ ಸುಶ್ರುತಸಂಹಿತೆಯು ಅವಳನ್ನು ದೌಹೃದಿನಿಯೆಂದು ಕರೆಯುತ್ತದೆ. ಕನ್ನಡನಾಡಿನ ಸೀಮಂತ, ಬಯಕೆಯೂಟ, ತವರಿನ ಬಾಣಂತನ ಮೊದಲಾದ ಆಚಾರಗಳಲ್ಲಿಯೂ ದೇಹಪೋಷಣೆಯೊಡನೆ ಮನಸ್ಸಂತೋಷದ ಉದ್ದೇಶವು ಅಡಕವಾಗಿರುವುದನ್ನು ಕಾಣಬಹುದು. ಆದರೆ ಆಚಾರವು ಸಾಂಗವಾಗಿ ನೆರವೇರಿದ ಮಾತ್ರಕ್ಕೆ ಮನಸ್ಸು ಸ್ವಸ್ಥವಾಗಿದೆಯೆಂದು ನಿರ್ಣಯಿಸಲಾಗದು. ಆ ನಿರ್ಣಯಕ್ಕೆ ಬೇರೊಂದು ಪರೀಕ್ಷೆ ಬೇಕು.

ಹೆರಿಗೆಯ ತರುವಾಯದ ಮನೋವಿಕಾರಗಳು ಮೂರು ಬಗೆಯವು. ಮೂರನೆಯ ದಿನದಿಂದ ಐದನೆಯ ದಿನದ ಸುಮಾರಿಗೆ ಕಾರಣವಿಲ್ಲದೆ ಅಳು ಬರುವುದು ಮೊದಲನೆಯದು. ಇದು ಅರ್ಧಕ್ಕಿಂತ ಹೆಚ್ಚು ತಾಯಂದಿರಲ್ಲಿ ಕಾಣಿಸಿಕೊಂಡು ತಾನಾಗಿಯೇ ಶಮನವಾಗುವುದು. ಎರಡನೆಯದು ಖಿನ್ನತೆ, ಇದು ವಾರಗಟ್ಟಲೆ, ತಿಂಗಳುಗಟ್ಟಲೆ ನಿಲ್ಲುವುದು, ಅನೇಕವೇಳೆ ಬಸುರಿನಲ್ಲಿಯೇ ಮೊದಲಾಗುವುದು. ಮೂರನೆಯದು ಜನರು ಬಾಣಂತಿಸನ್ನಿಯೆಂದು ಕರೆಯುವ ಉಗ್ರವಿಕಾರ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ, ಸಾಮಾನ್ಯವಾಗಿ ಮೊದಲ ಎರಡು ವಾರಗಳೊಳಗೆ, ಇದು ತಲೆದೋರುವುದು. ಇದಕ್ಕೆ ತತ್‌ಕ್ಷಣದ ಚಿಕಿತ್ಸೆ ಅವಶ್ಯ. ಫ್ರಾನ್ಸಿನ ವೈದ್ಯ ಲೂಯಿ ವಿಕ್ಟರ್ ಮಾರ್ಸೆಯು 1858ರಲ್ಲಿ ಗರ್ಭಿಣಿಯರ, ಬಾಣಂತಿಯರ ಮನೋರೋಗಗಳನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದನು.

ಈ ಮೂರರಲ್ಲಿ ಎರಡನೆಯದೇ ಹೆಚ್ಚಾಗಿ ಕಣ್ಣು ತಪ್ಪುವುದು. ಸನ್ನಿಯನ್ನು ಮನೆಮಂದಿಯೆಲ್ಲ ಕಾಣುತ್ತಾರೆ. ಖಿನ್ನತೆಯನ್ನಾದರೋ ಆಯಾಸವೆಂದೂ ನಿದ್ದೆಗೇಡೆಂದೂ ತಳ್ಳಿಹಾಕುತ್ತಾರೆ. ಮಗು ಹುಟ್ಟಿದ ಸಂಭ್ರಮದಲ್ಲಿ ದುಃಖವನ್ನು ಹೇಳಿಕೊಳ್ಳುವುದು ತಾಯಿಗೂ ನಾಚಿಕೆ. ಹೀಗೆ ಮುಚ್ಚಿದ ದುಃಖದ ಫಲವು ಅಲ್ಪವಲ್ಲ. ಬ್ರಿಟನ್ನಿನ ಮಾತೃಮರಣ ವಿಚಾರಣೆಗಳ ಪ್ರಕಾರ, ಪ್ರಸವವಾದ ಆರು ವಾರಗಳಿಂದ ಒಂದು ವರ್ಷದವರೆಗಿನ ನೇರಕಾರಣದ ಮರಣಗಳಲ್ಲಿ ಆತ್ಮಹತ್ಯೆಯೇ ಮುಖ್ಯವಾದುದು.

ಕುಟುಂಬವೈದ್ಯನ ಸ್ಥಾನವು ವಿಶಿಷ್ಟವಾಗುವುದು ಇಲ್ಲಿಯೇ. ತಾಯಿಯ ಹಿಂದಿನ ಕಾಯಿಲೆಗಳು, ವಂಶದಲ್ಲಿ ಉನ್ಮಾದವಿದ್ದುದು, ಗಂಡನ ನಡತೆ, ಮನೆಯ ಬಡತನ ಇವೆಲ್ಲ ಅವನಿಗೆ ಮೊದಲೇ ತಿಳಿದಿರುವ ಸಂಭವವುಂಟು. ಮಗುವಿಗೆ ಚುಚ್ಚುಮದ್ದು ಹಾಕಿಸಲು ಬಂದ ತಾಯಿ ತನ್ನ ಸಲುವಾಗಿ ಬಾರದಿದ್ದರೂ ಅವನ ಎದುರಿಗೇ ಕುಳಿತಿರುತ್ತಾಳೆ. ಇಂಗ್ಲೆಂಡಿನಲ್ಲಿ 2020ರಿಂದ, ಹೆರಿಗೆಯಾದ ಆರರಿಂದ ಎಂಟು ವಾರಗಳಲ್ಲಿ ಮಗುವಿನ ಪರೀಕ್ಷೆಯಲ್ಲದೆ ತಾಯಿಯನ್ನೂ ಪ್ರತ್ಯೇಕವಾಗಿ ನೋಡತಕ್ಕದ್ದೆಂಬ ಕರ್ತವ್ಯವು ಕುಟುಂಬವೈದ್ಯರಿಗೆ ವಿಧಿತವಾಯಿತು.

ಕೇಳುವುದಕ್ಕೂ ಒಂದು ಕ್ರಮ ಬೇಕು. ಕಾಕ್ಸ್, ಹೋಲ್ಡನ್, ಸಗೋವ್‌ಸ್ಕಿ ಎಂಬವರು 1987ರಲ್ಲಿ ಪ್ರಕಟಿಸಿದ ಎಡಿನ್‌ಬರೋ ಮಾಪಕವು ಈ ಕೆಲಸಕ್ಕೆ ಪ್ರಸಿದ್ಧವಾದುದು. ಹಿಂದಿನ ಏಳು ದಿನಗಳನ್ನು ಕುರಿತ ಹತ್ತು ಪ್ರಶ್ನೆಗಳು, ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 30. ಬಾಣಂತಿಗೆ ಸಹಜವಾದ ಆಯಾಸಾದಿ ದೇಹಲಕ್ಷಣಗಳನ್ನು ಬೇಕೆಂತಲೇ ಬಿಟ್ಟು ಮನಸ್ಸಿನ ಸ್ಥಿತಿಯನ್ನೇ ವಿಚಾರಿಸಿರುವುದು ಇದರ ಗುಣ. ಅಂಕ 12ನ್ನು ಮೀರಿದರೆ ಖಿನ್ನತೆಯು ಸಂಭಾವ್ಯ. ಆದರೂ ಇದು ಶೋಧನೆಯೇ ಹೊರತು ನಿರ್ಣಯವಲ್ಲ. ಕೊನೆಯ ಪ್ರಶ್ನೆಯು ಆತ್ಮಹಾನಿಯ ಯೋಚನೆಯನ್ನು ಕುರಿತದ್ದಾದುದರಿಂದ, ಅದಕ್ಕೆ ಬಂದ ಉತ್ತರವನ್ನು ಒಟ್ಟು ಅಂಕವು ಎಷ್ಟೇ ಇರಲಿ ಆ ದಿನವೇ ವಿಚಾರಿಸಬೇಕು.

ಈ ಮಾಪಕವು ಕನ್ನಡವೂ ಸೇರಿದಂತೆ ಹಲವು ಭಾಷೆಗಳಿಗೆ ಪರಿವರ್ತಿತವಾಗಿದೆ. ಭಾಷಾಜ್ಞರ ಗಮನಕ್ಕೆ ಯೋಗ್ಯವಾದ ತೊಡಕೊಂದು ಇಲ್ಲಿದೆ. ಆರನೆಯ ಪ್ರಶ್ನೆಯು ಒಂದು ಇಂಗ್ಲಿಷ್ ನುಡಿಗಟ್ಟನ್ನೇ ಆಶ್ರಯಿಸಿದೆ. ಅದನ್ನು ಶಬ್ದಶಃ ತಂದರೆ ವಸ್ತುಗಳು ಮೈಮೇಲೆ ಏರಿದುವೆಂಬ ಅನರ್ಥವಾದೀತು, ಕೈಮೀರಿತೆಂಬ ದೇಶ್ಯಪ್ರಯೋಗದಲ್ಲಿಯೇ ಅದರ ಭಾವವು ಇಳಿಯಬಲ್ಲುದು. ಬೇಜಾರು ಎಂಬ ಒಂದೇ ಮಾತು ಹೊತ್ತುಹೋಗದಿರುವುದನ್ನೂ, ಮನನೊಂದುದನ್ನೂ, ಬಾಳಿನ ಮೇಲಣ ಜುಗುಪ್ಸೆಯನ್ನೂ ಸೂಚಿಸುತ್ತದೆ. ಯಾವ ಬೇಜಾರೆಂದು ಮತ್ತೊಮ್ಮೆ ಕೇಳದ ವೈದ್ಯನಿಗೆ ಉತ್ತರವು ದೊರೆತೂ ದೊರೆಯದಂತೆ.

ರೋಗವನ್ನು ಕಂಡುಹಿಡಿಯುವುದಕ್ಕಿಂತ ಬಾರದಂತೆ ತಡೆಯುವುದು ಮೇಲು. ಅಮೆರಿಕದ ರೋಗನಿವಾರಣಾ ಸೇವೆಗಳ ತಜ್ಞಮಂಡಲಿಯು 2019ರಲ್ಲಿ, ಅಪಾಯ ಹೆಚ್ಚಾಗಿರುವ ಬಸುರಿಯರನ್ನೂ ಬಾಣಂತಿಯರನ್ನೂ ಮುಂಚಿತವಾಗಿಯೇ ಸಮಾಲೋಚನೆಗೆ ಕಳುಹಿಸಬೇಕೆಂದು ಸೂಚಿಸಿತು. ಅದು ಪರಿಶೀಲಿಸಿದ ಪ್ರಯೋಗಗಳಲ್ಲಿ ಖಿನ್ನತೆಯ ಸಂಭವವು ನೂರಕ್ಕೆ ಸುಮಾರು 39ರಷ್ಟು ಇಳಿದಿತ್ತು. ಅಪಾಯವನ್ನು ಗುರುತಿಸುವುದಕ್ಕೆ ಊರಿನ ಪರಿಚಯವೂ ಬೇಕು. ಗೋವೆಯ ತಾಯಂದಿರನ್ನು ಕುರಿತು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ 23 ಮಂದಿ ಖಿನ್ನರಾಗಿದ್ದರು. ಬಡತನ, ಗಂಡನ ಹಿಂಸೆ, ಹೆಣ್ಣುಮಗು ಹುಟ್ಟಿತೆಂಬ ಅಸಮಾಧಾನ ಇವು ಅಲ್ಲಿ ಕಂಡ ಸಂಬಂಧಗಳು. ಇಂಥ ದುಃಖಕ್ಕೆ ಔಷಧವೊಂದೇ ಸಾಲದು. ಮನೆಯ ಹಿರಿಯರಿಗೆ ಬುದ್ಧಿ ಹೇಳಬಲ್ಲ ವೈದ್ಯನ ಮಾತು ಔಷಧದಷ್ಟೇ ಬೇಕು.

ತೀವ್ರರೋಗಿಗಳನ್ನು ವಿಳಂಬವಿಲ್ಲದೆ ತಜ್ಞರಲ್ಲಿಗೆ ಕಳುಹಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಾಯಿಯನ್ನೂ ಶಿಶುವನ್ನೂ ಅಗಲಿಸದೆ ಚಿಕಿತ್ಸೆ ಮಾಡುವ ವಿಭಾಗವಿದೆ. ಆಸ್ಪತ್ರೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಕೂಡದೆಂದು 2017ರ ಮಾನಸಿಕ ಆರೋಗ್ಯ ಕಾಯಿದೆಯೂ ವಿಧಿಸುತ್ತದೆ. ಆದರೆ ಆ ಬಾಗಿಲಿಗೆ ದಾರಿ ತೋರತಕ್ಕವನು ಮೊದಲು ನೋಡಿದ ವೈದ್ಯನೇ. ಹಿಂದಿನವರು ಸೌಮನಸ್ಯವೆಂದು ಹೆಸರಿಟ್ಟು ಗೌರವಿಸಿದ ವಸ್ತುವನ್ನು ಅವನು ರಕ್ತದೊತ್ತಡದಂತೆಯೇ ಪ್ರತಿ ಭೇಟಿಯಲ್ಲಿಯೂ ಪರೀಕ್ಷಿಸತಕ್ಕದ್ದು.