ಬತ್ತೇರಿಯ ಕಂಡಿಯಿಂದ ಕಂಡ ಬಂದರು

ಮಂಗಳೂರಿನ ಮಣ್ಣಗುಡ್ಡದಿಂದ ಬೋಳೂರಿನ ದಾರಿ ಹಿಡಿದು ಇಳಿದರೆ ರಸ್ತೆ ಹೊಳೆಯ ದಂಡೆಗೆ ಬಂದು ಮುಗಿಯುತ್ತದೆ. ಅಲ್ಲೇ ಸುಲ್ತಾನ್ ಬತ್ತೇರಿ. ಕೋಟೆಯೆಂದು ನೋಡಲು ಬಂದವರಿಗೆ ‘ಇಷ್ಟೇನಾ?’ ಅನ್ನಿಸಬಹುದು. ಹೌದು, ಇಷ್ಟೇ. ಕಪ್ಪು ಕಲ್ಲಿನ ಕಾವಲು ಕಟ್ಟೆ, ಹತ್ತಲು ಮೆಟ್ಟಿಲು, ಗೋಡೆಯಲ್ಲಿ ತೋಪಿನ ಬಾಯಿಗೆಂದು ಬಿಟ್ಟ ಕಂಡಿಗಳು, ಕೆಳಗೆ ಮದ್ದು ಇಡುತ್ತಿದ್ದ ಜಾಗ. ಗುರುಪುರ ಹೊಳೆಯೊಳಗೆ ಯುದ್ಧನೌಕೆಗಳು ನುಗ್ಗದಿರಲೆಂದು 1784ರಲ್ಲಿ ಟಿಪ್ಪು ಕಟ್ಟಿಸಿದ್ದು. ಈಸ್ಟ್ ಇಂಡಿಯಾ ಕಂಪನಿಯ ಜೊತೆ ಮಂಗಳೂರು ಒಪ್ಪಂದಕ್ಕೆ ಸಹಿ ಬಿದ್ದದ್ದೂ ಆ ವರ್ಷದ ಮಾರ್ಚ್‌ನಲ್ಲೇ. ಸಂಧಿ ಕಾಗದದ ಮೇಲಿದ್ದರೂ ಕಾವಲಿಗೆ ಕಲ್ಲೇ ಬೇಕಾಯಿತು.

ಕಂಡಿಗೆ ಕಣ್ಣಿಟ್ಟರೆ ಕಾಣುವುದು ಕಡಲಲ್ಲ, ಹೊಳೆ. ಆಚೆ ದಡ ತಣ್ಣೀರುಬಾವಿಯ ಮರಳಪಟ್ಟಿ, ಕಡಲು ಅದರಾಚೆ. ಹೊಳೆ ಈ ಪಟ್ಟಿಯ ಮಗ್ಗುಲಲ್ಲೇ ತೆಂಕಣಕ್ಕೆ ಹರಿದು, ನೇತ್ರಾವತಿಯನ್ನು ಕೂಡಿ, ಅಳಿವೆ ಬಾಗಿಲಲ್ಲಿ ಸಮುದ್ರ ಸೇರುತ್ತದೆ. ಹಾಗಾಗಿ ಮಂಗಳೂರಿನ ಹಳೆ ಬಂದರು ಕಡಲ ತೀರದಲ್ಲಿಲ್ಲ, ಹೊಳೆಯೊಳಗಿದೆ. ಅಳಿವೆಯಲ್ಲಿ ಹೂಳು, ದೊಡ್ಡ ಹಡಗುಗಳು ಹೊರಗೇ ಲಂಗರು ಹಾಕುತ್ತಿದ್ದವು, ಸರಕು ದೋಣಿಗಳಲ್ಲಿ ಹೋಗಿ ಬರುತ್ತಿತ್ತು. 12ನೇ ಶತಮಾನದಲ್ಲಿ ಯೆಹೂದಿ ವರ್ತಕ ಬೆನ್ ಯಿಜು ಇಲ್ಲೇ ನೆಲೆಸಿ ಏಡನ್ನಿನ ಜೊತೆ ವ್ಯಾಪಾರ ನಡೆಸಿದ. ಅವನ ಪತ್ರಗಳು ಸಿಕ್ಕಿದ್ದು ಮಾತ್ರ ಕೈರೋದಲ್ಲಿ. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಶುರುಮಾಡಿದ ಕಾರ್ಖಾನೆಯ ಹಂಚಿಗೂ ದೇಶಾಂತರದ ದಾರಿ ಸಮುದ್ರವೇ.

ಇಷ್ಟೆಲ್ಲ ಇದ್ದೂ ಆ ಕಾಲದ ಒಂದು ಹಡಗೂ ನಮ್ಮಲ್ಲಿ ಏಕಿಲ್ಲ? ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ನವರಿಗೆ ಆ ಭಾಗ್ಯವಿದೆ. 64 ತೋಪುಗಳ ‘ವಾಸಾ’ 1628ರ ಆಗಸ್ಟ್ 10ರಂದು, ಮೊದಲ ಯಾನದಲ್ಲೇ, ಬಂದರು ದಾಟುವ ಮುನ್ನವೇ ಮಗುಚಿತು. ಮೇಲ್ಭಾರ ಜಾಸ್ತಿಯಾಗಿತ್ತು. 1961ರಲ್ಲಿ ಮೇಲೆತ್ತಿದಾಗ ಮರ ಬಹುಪಾಲು ಹಾಗೇ ಇತ್ತು. ಬಿರುಕು ಬಿಡದಿರಲೆಂದು 17 ವರ್ಷ ಅದರ ಮೇಲೆ ಪಾಲಿಎಥಿಲೀನ್ ಗ್ಲೈಕಾಲ್ ಸಿಂಪಡಿಸಿದರು. 1990ರಲ್ಲಿ ಅದಕ್ಕೇ ಒಂದು ಮ್ಯೂಸಿಯಂ ತೆರೆದರು. ಅವರ ಶ್ರದ್ಧೆ ದೊಡ್ಡದೇ. ಆದರೆ ಬಾಲ್ಟಿಕ್ ಸಮುದ್ರದ ನೀರಿನಲ್ಲಿ ಉಪ್ಪು ಕಡಿಮೆ, ಮರ ಕೊರೆಯುವ ಹಡಗುಹುಳು ಅಲ್ಲಿ ಬದುಕದು. ನಮ್ಮ ಅರಬ್ಬೀ ಸಮುದ್ರದಲ್ಲಿ ಮುಳುಗಿದ ಮರವನ್ನು ಹುಳು ಬಿಡುವುದಿಲ್ಲ. ತೇಲುವ ದೋಣಿಯನ್ನೇ ದಡಕ್ಕೆಳೆದು ಎಣ್ಣೆ ಬಳಿದು ಕಾಪಾಡಬೇಕು.

ಹಾಗಾಗಿ ಇಲ್ಲಿ ಉಳಿದದ್ದು ಕಲ್ಲು ಮತ್ತು ಕಸುಬು. ಎಪ್ಪತ್ತರ ದಶಕದಲ್ಲಿ ದೊಡ್ಡ ಹಡಗುಗಳು ಪಣಂಬೂರಿನ ಹೊಸ ಬಂದರಿಗೆ ಹೋದವು. ಹಳೆ ಬಂದರು ಸುಮ್ಮನೆ ಕೂರಲಿಲ್ಲ: ಧಕ್ಕೆಯಲ್ಲಿ ಮೀನಿನ ಬೋಟುಗಳು, ಪಕ್ಕದಲ್ಲೇ ಲಕ್ಷದ್ವೀಪಕ್ಕೆ ಹೊರಡುವ ಮಂಜಿ ಎಂಬ ಸರಕು ನೌಕೆಗಳು. ಸಿಮೆಂಟು, ಜಲ್ಲಿ, ಅಕ್ಕಿ, ತರಕಾರಿ ಎಲ್ಲವೂ ಅವುಗಳ ಹೊಟ್ಟೆಗೆ. ಮಳೆಗಾಲದಲ್ಲಿ ಈ ಯಾನ ಬಂದ್. ನೋಡಬೇಕೆನ್ನುವವರು ಮಳೆ ಕಳೆದ ಮೇಲೆ, ಮಂಜಿಗೆ ಸರಕು ತುಂಬುವ ಹೊತ್ತಿಗೆ ಹೋಗಬೇಕು. ಬತ್ತೇರಿಗಾದರೆ ಸಂಜೆ ಒಳ್ಳೆಯದು. ಕೆಳಗಿನ ಕಡವಿನಿಂದ ದೋಣಿ ಹತ್ತಿ ತಣ್ಣೀರುಬಾವಿಗೂ ಹೋಗಿಬರಬಹುದು.