ತಲೆಯ ಮೇಲೆ ಕೆಂಡ ಹೊತ್ತ ಬೆಬಿಂಕ

ಕನ್ನಡನಾಡಿನ ಅಡುಗೆಮನೆಗಳಲ್ಲಿ ಬೆಂಕಿಯ ಸ್ಥಾನ ಯಾವಾಗಲೂ ಕೆಳಗೆ. ಅನ್ನ ಬೇಯುವುದು, ಹಾಲು ಉಕ್ಕುವುದು, ಕಾವಲಿಯ ಮೇಲೆ ಹೋಳಿಗೆ ಉಬ್ಬುವುದು, ಎಲ್ಲವೂ ತಳದ ಉರಿಯಿಂದಲೇ. ನೆರೆಯ ಗೋವೆಯ ಕ್ರೈಸ್ತರ ಮನೆಗಳಲ್ಲಾದರೋ ಕ್ರಿಸ್‌ಮಸ್ ಹತ್ತಿರವಾದಂತೆ ಒಂದು ದಿನದ ಮಟ್ಟಿಗೆ ಈ ಕ್ರಮ ತಿರುವುಮುರುವಾಗುತ್ತಿತ್ತು. ಅಂದು ತೆಂಗಿನ ಕರಟದ ನಿಗಿನಿಗಿ ಕೆಂಡ ಪಾತ್ರೆಯ ಮುಚ್ಚಳವನ್ನೇರಿ ಕುಳಿತುಕೊಳ್ಳುತ್ತಿತ್ತು. ತಳಕ್ಕೆ ದೊರೆಯುತ್ತಿದ್ದುದು ಬೂದಿ ಮುಚ್ಚಿದ ನಸುಗಾವು ಮಾತ್ರ. ಹೀಗೆ ತಲೆಯ ಮೇಲೆ ಕೆಂಡ ಹೊತ್ತು ಬೇಯುವ ಸಿಹಿತಿನಿಸಿನ ಹೆಸರು ಬೆಬಿಂಕ.

ಬೆಬಿಂಕಕ್ಕೆ ಬೇಕಾಗುವ ಸಾಮಗ್ರಿಗಳಲ್ಲಿ ಅಪೂರ್ವವಾದುದು ಯಾವುದೂ ಇಲ್ಲ. ಎರಡು ಮೂರು ತೆಂಗಿನಕಾಯಿಗಳ ಗಟ್ಟಿ ಹಾಲು, 12 ಮೊಟ್ಟೆಗಳ ಹಳದಿ, ಅರ್ಧ ಕಿಲೋ ಸಕ್ಕರೆ, ಕಾಲು ಕಿಲೋ ಮೈದಾಹಿಟ್ಟು, ಅಷ್ಟೇ ತುಪ್ಪ, ತೇಯ್ದ ಜಾಯಿಕಾಯಿಯ ಚಿಟಿಕೆ ಪುಡಿ: ಒಂದು ಸಾಧಾರಣ ಸಂಸಾರಕ್ಕೆ ಇಷ್ಟು ಸಾಕು. ಹಿಟ್ಟನ್ನು ಉಬ್ಬಿಸಲು ಸೋಡವಾಗಲಿ ಯೀಸ್ಟಾಗಲಿ ಬೇಡ. ತೆಂಗಿನ ಹಾಲಿನಲ್ಲಿ ಸಕ್ಕರೆಯನ್ನು ಕರಗಿಸಿ, ಕಡೆದ ಹಳದಿಯನ್ನು ಅದಕ್ಕೆ ಕೂಡಿಸಿ, ಮೈದಾವನ್ನು ಗಂಟಿಲ್ಲದಂತೆ ಕಲಸಿ ತೆಳುಬಟ್ಟೆಯಲ್ಲಿ ಸೋಸಿದರೆ ಮೊದಲ ಕೆಲಸ ಮುಗಿಯಿತು. ಅರ್ಧ ಗಂಟೆಯಲ್ಲಿ ಯಾರಾದರೂ ಮಾಡಬಹುದಾದ ಕೆಲಸವಿದು. ನಿಜವಾದ ಪರೀಕ್ಷೆ ಆರಂಭವಾಗುವುದು ಇಲ್ಲಿಂದ ಮುಂದೆ.

ಬಿಸಿಯಾದ ಪಾತ್ರೆಯಲ್ಲಿ ಒಂದು ಚಮಚ ತುಪ್ಪ ಸುರಿದು, ಅದರ ಮೇಲೆ ಒಂದು ಸೌಟು ಹಿಟ್ಟು ಹರಡುತ್ತಾರೆ. ಕೆಂಡ ತುಂಬಿದ ಮುಚ್ಚಳವನ್ನಿಟ್ಟು ಕಾಯುತ್ತಾರೆ. ಹತ್ತು ಹದಿನೈದು ನಿಮಿಷಗಳಲ್ಲಿ ಮೇಲ್ಮೈ ಗಟ್ಟಿಯಾಗಿ, ಕಂದು ಚುಕ್ಕೆಗಳು ಮೂಡಿ, ಬೆರಳು ಮುಟ್ಟಿಸಿದರೆ ಅಂಟದ ಹದಕ್ಕೆ ಬರುತ್ತದೆ. ಮತ್ತೆ ಒಂದು ಚಮಚ ತುಪ್ಪ, ಮತ್ತೆ ಒಂದು ಸೌಟು ಹಿಟ್ಟು, ಮತ್ತೆ ಮುಚ್ಚಳ. ಹೀಗೆ ಏಳು ಪದರಗಳಾದರೂ ಆಗಬೇಕೆಂಬುದು ರೂಢಿ. ಉತ್ಸಾಹವುಳ್ಳವರು ಹದಿನಾರರವರೆಗೂ ಏರಿಸುತ್ತಾರೆ. ಬೆಳಗಿನ ಗಂಜಿ ಮುಗಿಸಿ ಕುಳಿತ ಗೃಹಿಣಿ ಏಳುವ ಹೊತ್ತಿಗೆ ತೆಂಗಿನ ತೋಟದಲ್ಲಿ ನೆರಳು ಉದ್ದವಾಗಿರುತ್ತಿದ್ದರೆ ಅದರಲ್ಲಿ ಆಶ್ಚರ್ಯವೇನು?

ಕೆಂಡ ಮೇಲೆಯೇ ಏಕೆ ಇರಬೇಕು? ಕಾರಣ ಸರಳವಾಗಿದೆ. ಮೊದಲು ಸುರಿದ ಪದರ ಕೊನೆಯ ಪದರ ಬೇಯುವವರೆಗೂ ತಳದಲ್ಲಿಯೇ ಇರಬೇಕು. ತಳದಲ್ಲಿ ಉರಿ ಜೋರಾಗಿದ್ದರೆ ಏಳನೆಯ ಪದರ ಹದಗೊಳ್ಳುವಷ್ಟರಲ್ಲಿ ಮೊದಲನೆಯದು ಕರಿದಾಗಿರುತ್ತದೆ. ಮೇಲಿನ ಕಾವಾದರೆ ಹೊಸದಾಗಿ ಸುರಿದ ತೆಳು ಹಿಟ್ಟನ್ನು ನೇರವಾಗಿ ತಾಗುತ್ತದೆ. ಪ್ರತಿಯೊಂದು ಪದರದ ನೆತ್ತಿ ಕೆಂಪಾಗುತ್ತದೆ, ಒಡಲು ಬೆಣ್ಣೆಯ ಬಣ್ಣದಲ್ಲಿಯೇ ಉಳಿಯುತ್ತದೆ. ನಡುನಡುವೆ ಹಾಕಿದ ತುಪ್ಪ ಒಂದು ಪದರ ಇನ್ನೊಂದಕ್ಕೆ ಬೆಸೆದುಹೋಗದಂತೆ ತಡೆಯುತ್ತದೆ. ಆದುದರಿಂದಲೇ ತುಂಡು ಮಾಡಿದಾಗ ಕಂದು, ಹಳದಿ, ಕಂದು, ಹಳದಿ ಎಂಬಂತೆ ಗೆರೆಗಳು ಎದ್ದು ಕಾಣುತ್ತವೆ. ಗೋವೆಯ ಮಕ್ಕಳು ಬೆಬಿಂಕವನ್ನು ಕಚ್ಚುವುದಕ್ಕಿಂತ ಪದರ ಪದರವಾಗಿ ಬಿಡಿಸಿ ತಿನ್ನುವುದರಲ್ಲಿ ಹೆಚ್ಚು ಸುಖ ಕಾಣುತ್ತಾರೆ.

ಅಳತೆಯನ್ನು ಕಾಗದದಲ್ಲಿ ಬರೆದುಕೊಡಬಹುದು, ಕೆಂಡದ ಹದವನ್ನು ಬರೆದುಕೊಡಲಾಗದು. ಕೆಂಡದ ಮೇಲೆ ಬೂದಿ ಕವಿದರೆ ಕಾವು ಇಳಿಯುತ್ತದೆ. ಗಾಳಿ ಬೀಸಿದರೆ ಏರುತ್ತದೆ. ಯಾವಾಗ ಊದಬೇಕು, ಯಾವಾಗ ಹೊಸ ಕರಟ ಹಾಕಬೇಕು, ಯಾವಾಗ ಮುಚ್ಚಳವೆತ್ತಬೇಕು ಎಂಬುದನ್ನು ಹೆಣ್ಣುಮಕ್ಕಳು ತಾಯಿಯ ಪಕ್ಕದಲ್ಲಿ ಕುಳಿತು ಕಣ್ಣಿನಿಂದಲೇ ಕಲಿಯಬೇಕಾಗಿತ್ತು. ಅವಸರಪಟ್ಟು ಹಸಿಯಿರುವಾಗಲೇ ಮುಂದಿನ ಸೌಟು ಸುರಿದರೆ ಎರಡು ಪದರಗಳು ಒಂದಾಗಿ ಮುದ್ದೆಯಾಗುತ್ತವೆ. ಒಮ್ಮೆ ಕೆಟ್ಟ ಪದರವನ್ನು ಮೇಲಿನ ಪದರದಿಂದ ಮುಚ್ಚಬಹುದೇ ಹೊರತು ತಿದ್ದಲಾಗದು. ಮರುದಿನ ತುಂಡು ಮಾಡುವಾಗ ಬಂಧುಗಳೆಲ್ಲರ ಎದುರಿಗೆ ಅದು ಹೊರಬೀಳದೆ ಇರದು.

ಈ ತಿನಿಸು ಹುಟ್ಟಿದ ಬಗೆಗೆ ಗೋವೆಯಲ್ಲಿ ಒಂದು ಐತಿಹ್ಯವುಂಟು. ಹಳೆಯ ಗೋವೆಯ ಸಾಂತಾ ಮೋನಿಕಾ ಕನ್ಯಾಮಠದಲ್ಲಿ ಬೆಬಿಯಾನಾ ಎಂಬ ಸನ್ಯಾಸಿನಿಯಿದ್ದಳಂತೆ. ಲಿಸ್ಬನ್ನಿನ ಏಳು ಬೆಟ್ಟಗಳ ನೆನಪಿಗೆ ಆಕೆ ಏಳು ಪದರಗಳ ಈ ಸಿಹಿಯನ್ನು ಮಾಡಿದಳಂತೆ. ಐತಿಹ್ಯ ಐತಿಹ್ಯವೇ. ಆದರೆ ಅದರ ಹಿಂದೆ ಒಂದು ಸತ್ಯದ ಎಳೆಯಿದೆ. ಪೋರ್ಚುಗಲ್ಲಿನ ಕನ್ಯಾಮಠಗಳು ಮೊಟ್ಟೆಯ ಹಳದಿ ಮತ್ತು ಸಕ್ಕರೆಯ ಸಿಹಿತಿನಿಸುಗಳಿಗೆ ಹೆಸರಾಗಿದ್ದವು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರೊಂದಿಗೆ ಆ ಪಾಕಕಲೆಯೂ ಮೆಲ್ಲಮೆಲ್ಲನೆ ಹಡಗೇರಿ ಬಂದಿತು. ಇಲ್ಲಿ ಅದಕ್ಕೆ ಕೊಂಕಣದ ತೆಂಗಿನ ಹಾಲು ದೊರೆಯಿತು. ದೂರದ ಫಿಲಿಪ್ಪೀನ್ಸ್ ದ್ವೀಪಗಳಲ್ಲಿಯೂ ಬಿಬಿಂಕಾ ಎಂಬ ಹೆಸರಿನ ಅಕ್ಕಿಹಿಟ್ಟಿನ ಕಡುಬೊಂದುಂಟು. ಅದಕ್ಕೂ ತೆಂಗಿನ ಹಾಲು ಬೇಕು, ಅದೂ ಕೆಳಗೊಂದು ಕೆಂಡ ಮೇಲೊಂದು ಕೆಂಡವಿಟ್ಟು ಬೇಯಿಸುವಂಥದು. ಕ್ರಿಸ್‌ಮಸ್ಸಿಗೆ ಮುಂಚಿನ ಒಂಬತ್ತು ದಿನಗಳ ನಸುಕಿನ ಪೂಜೆ ಮುಗಿಸಿ ಬಂದವರು ಅದನ್ನು ಬಿಸಿಬಿಸಿಯಾಗಿ ತಿನ್ನುತ್ತಾರೆ. ಸಾವಿರಾರು ಮೈಲಿಗಳ ಅಂತರದಲ್ಲಿ ಹೆಸರೂ ಹಬ್ಬವೂ ಕೆಂಡವೂ ಹೀಗೆ ಹೊಂದಿಕೊಂಡಿರುವುದು ಕಡಲ ವ್ಯಾಪಾರದ ಕಾಲದ ಒಂದು ಸೋಜಿಗ.

ಗೋವೆಯಿಂದ ಹಿಂದಿನ ಶತಮಾನಗಳಲ್ಲಿ ವಲಸೆ ಬಂದು ಕನ್ನಡ ಕರಾವಳಿಯಲ್ಲಿ ನೆಲೆಸಿದ ಕೊಂಕಣಿ ಕ್ರೈಸ್ತರ ಕುಸ್ವಾರಿನ ತಟ್ಟೆಯನ್ನು ಮಂಗಳೂರಿನ ಕಡೆಯ ಓದುಗರು ಬಲ್ಲರು. ನೆವ್ರಿ, ಕಿಡಿಯೊ, ಗುಳಿಯೊ, ಚಕ್ಕುಲಿ ಮೊದಲಾಗಿ ಅದರಲ್ಲಿ ಹೆಚ್ಚಿನವು ಎಣ್ಣೆಯಲ್ಲಿ ಕರಿದವು. ಅವುಗಳನ್ನು ಹತ್ತು ಕೈಗಳು ಸೇರಿ ಮಾಡಬಹುದು. ಬಾಚಣಿಗೆಯ ಮೇಲೆ ಹಿಟ್ಟನ್ನೊತ್ತಿ ಕಿಡಿಯೊ ಸುರುಳಿ ಸುತ್ತುವ ಕೆಲಸಕ್ಕೆ ಮನೆಯ ಮಕ್ಕಳೇ ಸಾಕು. ಬೆಬಿಂಕದ ಸ್ವಭಾವ ಬೇರೆ. ಅದು ಒಬ್ಬರ ಕಣ್ಣನ್ನೂ ಒಬ್ಬರ ಒಂದು ದಿನವನ್ನೂ ಇಡಿಯಾಗಿ ಕೇಳುತ್ತದೆ.

ಆ ಒಂದು ದಿನವನ್ನು ಯಾರಿಗಾಗಿ ಮೀಸಲಿಡುತ್ತಿದ್ದರು? ಹೊರಗಿನಿಂದ ಬರುವವರಿಗಾಗಿ. ಗೋವೆಯ ಮನೆಗಳಲ್ಲಿ ಗಂಡಸರು ಊರು ಬಿಟ್ಟು ದುಡಿಯುವುದು ಬಹುಕಾಲದ ವಾಡಿಕೆ. ಮುಂಬಯಿಯಲ್ಲಿ, ಹಡಗುಗಳಲ್ಲಿ, ಪೂರ್ವ ಆಫ್ರಿಕದಲ್ಲಿ, ಮುಂದೆ ಕೊಲ್ಲಿಯ ದೇಶಗಳಲ್ಲಿ ಅವರು ದುಡಿದರು. ವರ್ಷಕ್ಕೊಮ್ಮೆ ಮನೆಯವರೆಲ್ಲ ಕೂಡಬೇಕಾದರೆ ಅದು ಕ್ರಿಸ್‌ಮಸ್ಸಿನಲ್ಲಿ. ಕೂಡಲಾಗದ ವರ್ಷಗಳೂ ಇದ್ದವು. 1955ರಲ್ಲಿ ಭಾರತಕ್ಕೂ ಪೋರ್ಚುಗೀಸ್ ಆಡಳಿತದ ಗೋವೆಗೂ ನಡುವೆ ರೈಲು ಸಂಚಾರ ನಿಂತು, ಗಡಿಯ ನಿರ್ಬಂಧಗಳು ಬಿಗಿಯಾದಾಗ, ಮುಂಬಯಿಯಲ್ಲಿದ್ದ ಸಾವಿರಾರು ಮಂದಿಗೆ ತವರಿನ ದಾರಿ ದುರ್ಗಮವಾಯಿತು. 1961ರ ಡಿಸೆಂಬರ್ 19ರಂದು ಪೋರ್ಚುಗೀಸ್ ಆಡಳಿತ ಕೊನೆಗೊಂಡಿತು. ಕ್ರಿಸ್‌ಮಸ್ಸಿಗೆ ಆಗ ಉಳಿದಿದ್ದುದು ಆರೇ ದಿನ.

ಬರಲಾಗದವರ ಪಾಲಿಗೂ ಬೆಬಿಂಕ ಒದಗಿಬರುವ ತಿನಿಸು. ಸಕ್ಕರೆ ತುಪ್ಪಗಳು ಹೇರಳವಾಗಿರುವುದರಿಂದಲೂ ನೀರಿನಂಶ ಬೆಂದು ಇಳಿದಿರುವುದರಿಂದಲೂ ಅದು ಬೇಗ ಕೆಡುವುದಿಲ್ಲ. ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು, ಊರ ಕಡೆಯಿಂದ ಹೊರಟವರ ಕೈಯಲ್ಲಿ ಕಳುಹಿಸಿಕೊಡಬಹುದು. ಊರಿನಲ್ಲಿ ಉಳಿದುದು ಕನ್ಸ್ವಾದ ಎಂಬ ಹಬ್ಬದ ತಟ್ಟೆಯಲ್ಲಿ ಉಳಿದ ತಿನಿಸುಗಳ ಜೊತೆಗೆ ನೆರೆಮನೆಗಳಿಗೆ ಹೋಗುತ್ತದೆ, ಹಿಂದೂಗಳ ಮನೆಗೂ ಹೋಗುತ್ತದೆ. ಚೌತಿಗೆ ಆ ಮನೆಯಿಂದ ನೆವ್ರಿ ಬಂದಿತ್ತಲ್ಲವೆ? ತಟ್ಟೆ ಬರಿದಾಗಿ ಹಿಂದಿರುಗಬಾರದು ಎಂಬುದು ಎರಡೂ ಕಡೆಯವರು ಬಲ್ಲ ಮರ್ಯಾದೆ.

ಇಂದು ಬಹುಪಾಲು ಮನೆಗಳಲ್ಲಿ ಕರಟದ ಕೆಂಡ ಮರೆಯಾಗಿದೆ. ವಿದ್ಯುತ್ ಒಲೆಯ ಮೇಲ್ಭಾಗದ ತಂತಿ ಕೆಂಪಾಗಿ ಅದೇ ಕೆಲಸವನ್ನು ಮಾಡುತ್ತದೆ. ಹೊಗೆ ತಪ್ಪಿತು, ಕಣ್ಣುರಿ ತಪ್ಪಿತು. ಇದು ಹೆಂಗಸರ ಪಾಲಿಗೆ ದೊಡ್ಡ ಉಪಕಾರವೇ ಸರಿ. ಆದರೆ ವಿಚಿತ್ರವೆಂದರೆ, ಯಂತ್ರ ಬಂದರೂ ಕಾಯುವ ಕೆಲಸ ತಪ್ಪಲಿಲ್ಲ. ಏಳು ಪದರಗಳನ್ನು ಒಂದೇ ಸಾರಿ ಬೇಯಿಸುವ ಒಲೆಯನ್ನು ಯಾರೂ ಕಂಡುಹಿಡಿದಿಲ್ಲ. ಆದುದರಿಂದ ಬಿಡುವಿಲ್ಲದವರು ಅಂಗಡಿಯ ಬೆಬಿಂಕವನ್ನು ಕೊಳ್ಳುತ್ತಾರೆ. ವರ್ಷದ ಎಲ್ಲ ದಿನಗಳಲ್ಲಿಯೂ ಅದು ಪೆಟ್ಟಿಗೆಯಲ್ಲಿ ದೊರೆಯುತ್ತದೆ. ಪ್ರವಾಸಿಗಳು ಅದನ್ನು ಊರಿಗೆ ಒಯ್ಯುತ್ತಾರೆ. ಮನೆಯಲ್ಲಿಯೇ ಮಾಡಿ ಮಾರಿ ಸಂಸಾರ ಸಾಗಿಸುವ ಹೆಂಗಸರೂ ಉಂಟು. 2023ರಲ್ಲಿ ಗೋವೆಯ ಬೆಬಿಂಕಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಬೇರೆ ಕಡೆ ಮಾಡಿದ ಸಿಹಿಗೆ ಆ ಹೆಸರು ಹಚ್ಚದಂತೆ ಕಾನೂನಿನ ರಕ್ಷಣೆ ಈಗ ಇದೆ.

ಹೆಸರನ್ನು ಕಾನೂನು ಕಾಯಬಹುದು, ಕೈಯನ್ನು ಕಾಯಬೇಕಾದುದು ಮನೆಯವರೇ. ಹಳ್ಳಿಯ ಮನೆಯಲ್ಲಿ ವೃದ್ಧ ತಾಯಿ ತಂದೆ ಇಬ್ಬರೇ ಉಳಿದಿದ್ದಾರೆ. ಮಕ್ಕಳು ದುಬೈಯಲ್ಲಿಯೋ ಲಿಸ್ಬನ್ನಿನಲ್ಲಿಯೋ ಇದ್ದಾರೆ. ಪಕ್ಕದಲ್ಲಿ ಕುಳಿತು ನೋಡಿ ಕಲಿಯುವವರು ಇಲ್ಲದಿದ್ದರೆ ಆ ಹದ ಒಂದು ತಲೆಮಾರಿಗೇ ನಿಂತುಹೋಗುತ್ತದೆ. ರಜೆಗೆಂದು ಬಂದ ಸೊಸೆಯೋ ಮೊಮ್ಮಗನೋ ಒಂದು ದಿನದ ಮಟ್ಟಿಗೆ ಅಜ್ಜಿಯ ಬಳಿ ಕುಳಿತು, ಸೌಟನ್ನು ಕೈಗೆ ತೆಗೆದುಕೊಂಡು, ಮೂರನೆಯ ಪದರವನ್ನೋ ನಾಲ್ಕನೆಯದನ್ನೋ ತಾವೇ ಸುರಿದರೆ ಸಾಕು. ಆ ಪದರ ಒಂದಿಷ್ಟು ಸೊಟ್ಟಗಾದರೂ ಚಿಂತೆಯಿಲ್ಲ. ನಡುರಾತ್ರಿಯ ಪೂಜೆ ಮುಗಿದು, ಗೋದಲಿಯ ದೀಪ ಉರಿಯುತ್ತಿರುವಾಗ, ಸುತ್ತ ಕುಳಿತವರ ಮುಂದೆ ಚಾಕು ಇಳಿದೊಡನೆ ಅದು ಯಾರ ಪದರವೆಂದು ಮನೆಯವರಿಗೆಲ್ಲ ತಿಳಿಯುತ್ತದೆ; ಮರುವರ್ಷ ಇನ್ನೆರಡು ಪದರಗಳನ್ನು ಆ ಕೈಗೆ ಒಪ್ಪಿಸಲು ಅಜ್ಜಿಗೆ ಧೈರ್ಯ ಬರುತ್ತದೆ.