ಆಘಾತದ ಬಳಿಕ ಬೆಳೆಯುವ ಮನಸ್ಸು

2001ರ ಜನವರಿ 26ರ ಬೆಳಿಗ್ಗೆ 8 ಗಂಟೆ 46 ನಿಮಿಷಕ್ಕೆ ಕಚ್ಛದಲ್ಲಿ ಸಂಭವಿಸಿದ ಭೂಕಂಪವು ಅಹಮದಾಬಾದನ್ನೂ ನಡುಗಿಸಿತು. ನಮ್ಮ ಸ್ಯಾಟಲೈಟ್ ಬಡಾವಣೆಯಲ್ಲಿಯೂ ಬಹುಮಹಡಿ ವಸತಿ ಕಟ್ಟಡಗಳು ಕುಸಿದವು. ಅಂದಿನ ಬಾಲಕರು ಇಂದು ಸ್ವತಃ ತಂದೆತಾಯಿಗಳಾಗುವ ವಯಸ್ಸಿನವರು. ಇಂತಹ ಆಘಾತದಿಂದ ಕೆಲವರು ಬಹುಕಾಲ ಬಳಲಿದರೆ, ಮತ್ತೆ ಕೆಲವರಲ್ಲಿ ಬದುಕಿನ ಬಗ್ಗೆ ಹೊಸ ಅರಿವು ಮೂಡುತ್ತದೆ. ಇದಕ್ಕೆ ಕಾರಣವೇನು?

ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಿಚರ್ಡ್ ಟೆಡೆಸ್ಕಿ ಮತ್ತು ಲಾರೆನ್ಸ್ ಕ್ಯಾಲ್‌ಹೂನ್ 1996ರಲ್ಲಿ ಈ ಬೆಳವಣಿಗೆಯನ್ನು ಅಳೆಯಲು 21 ಅಂಶಗಳ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಅದು ಐದು ಮುಖಗಳನ್ನು ಗುರುತಿಸುತ್ತದೆ: ಆಪ್ತರೊಡನೆ ಗಾಢವಾದ ಬಾಂಧವ್ಯ, ಹೊಸ ಮಾರ್ಗಗಳ ದರ್ಶನ, ಆತ್ಮಬಲದ ಅರಿವು, ಆಧ್ಯಾತ್ಮಿಕ ಪರಿವರ್ತನೆ ಹಾಗೂ ಜೀವನದ ಬೆಲೆಯ ಮನವರಿಕೆ.

ಉಳಿಯ ಪೆಟ್ಟು ತಿಂದ ಕಲ್ಲೇ ವಿಗ್ರಹವಾಗುವುದೆಂದು ಹಿರಿಯರು ಹೇಳುವುದುಂಟು. ಆದರೆ ಬರಿಯ ಪೆಟ್ಟಿನಿಂದ ಕಲ್ಲು ಒಡೆದೀತು. ಶಿಲ್ಪಿಯ ಕೈಯೂ ಬೇಕು. ತರುಣರಲ್ಲಿ ಈ ಬೆಳವಣಿಗೆಗೆ ನೆರವಾಗುವ ಅಂಶಗಳಲ್ಲಿ ಮುಖ್ಯವಾದುದು ಮನೆಯವರ, ಗೆಳೆಯರ ಹಾಗೂ ಗುರುಗಳ ಆಸರೆ. ಎರಡನೆಯದು ಚಿಂತನೆಯ ರೀತಿ. ಮೊದಮೊದಲು ಕಹಿ ನೆನಪುಗಳು ಬೇಡವೆಂದರೂ ನುಗ್ಗಿ ಬರುತ್ತವೆ. ನಂಬಿಕೆಯುಳ್ಳವರೊಡನೆ ಮಾತನಾಡುತ್ತ, ಇಲ್ಲವೆ ದಿನಚರಿಯಲ್ಲಿ ಬರೆಯುತ್ತ ಹೋದಂತೆ, ‘ಇದರಿಂದ ನಾನು ಅರಿತುದೇನು?’ ಎಂಬ ವಿವೇಚನೆಗೆ ಅವು ಎಡೆಗೊಡುತ್ತವೆ. ಮೂರನೆಯದು, ಕೈಲಾದ ಕೆಲಸದಲ್ಲಿ ತೊಡಗುವುದು.

ಆಲಿಸುವುದೇ ಒಂದು ಚಿಕಿತ್ಸೆ. ಗುಜರಾತಿನ ಭೂಕಂಪದ ತರುವಾಯ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಸ್ಥಳೀಯ ಕಾರ್ಯಕರ್ತರಿಗೆ ಸಂತ್ರಸ್ತರ ಮನಸ್ಸಿಗೆ ಆಸರೆಯಾಗುವ ತರಬೇತಿ ನೀಡಿದರು.

ಬೆಳವಣಿಗೆಯೆಂದರೆ ನೋವು ಮಾಯವಾಯಿತೆಂದಲ್ಲ. ಎರಡೂ ಒಂದೇ ಮನಸ್ಸಿನಲ್ಲಿ ಇರಬಹುದು. ಆದುದರಿಂದ ‘ಧೈರ್ಯವಾಗಿರು, ಎಲ್ಲವೂ ಒಳ್ಳೆಯದಕ್ಕೇ’ ಎಂದು ಮಕ್ಕಳ ಬಾಯಿ ಮುಚ್ಚಿಸಬಾರದು. ಪರೀಕ್ಷೆಯ ಸೋಲಿರಲಿ, ಆಪ್ತರ ಅಗಲಿಕೆಯಿರಲಿ, ಅವರ ದುಃಖವನ್ನು ಮೊದಲು ಕೇಳಬೇಕು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಗುಜರಾತಿ ಆಡುವ ನಮ್ಮ ಮಕ್ಕಳು ಯಾವ ನುಡಿಯಲ್ಲಿ ಅತ್ತರೂ ತಡೆಯದಿರೋಣ.

ನಿದ್ರಾನಾಶ, ದುಃಸ್ವಪ್ನ, ಭೀತಿಗಳು ತಿಂಗಳು ಕಳೆದರೂ ನಿಲ್ಲದಿದ್ದರೆ ವೈದ್ಯರ ಸಲಹೆ ಅವಶ್ಯ. ಬದುಕೇ ಬೇಡವೆಂಬ ಮಾತು ಬಂದರಂತೂ ಒಂದು ಕ್ಷಣವೂ ತಡಮಾಡಲಾಗದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯು 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ನೆರವು ಕೇಳುವುದು ದೌರ್ಬಲ್ಯವಲ್ಲ. ಬೆಳವಣಿಗೆಯ ಮೊದಲ ಹೆಜ್ಜೆ ಅದೇ.